ಕೊಂದವರು ಯಾರು ಎಂದು ಕೇಳುವ ಮೊದಲು

(ಕೊಡಗಿನ ನೆಲ್ಯಹುದಿಕೇರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)

ಪತ್ತೇದಾರಿ ಕಥೆ ಕನ್ನಡದ ಓದುಗರಿಗೆ ಹೊಸದಲ್ಲ. ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದು, ಪುಸ್ತಕದ ಸಹವಾಸವೇ ಇಲ್ಲದಿದ್ದ ಮನೆಗಳೊಳಗೂ ಪುಸ್ತಕ ಕಾಲಿಡುವಂತೆ ಮಾಡಿದರು. ಅವರ ಪತ್ತೇದಾರ ಪುರುಷೋತ್ತಮ ಕೈಗೆತ್ತಿಕೊಂಡ ಕೇಸು ಕೊನೆಯ ಪುಟಗಳ ಹೊತ್ತಿಗೆ ಬಗೆಹರಿದೇ ಬಗೆಹರಿಯುತ್ತದೆ ಎಂಬ ಭರವಸೆ ಓದುಗರಿಗಿತ್ತು. ಆ ಭರವಸೆಯ ಮೇಲೆಯೇ ಎರಡು ಮೂರು ತಲೆಮಾರು ಬೆಳೆಯಿತು. ಸಿನಿಮಾ ಬಂದಾಗ ಅದೇ ಅಭ್ಯಾಸ ಥಿಯೇಟರಿಗೂ ಬಂತು, ಈಗ ಮೊಬೈಲಿಗೂ ಬಂದಿದೆ. ಕೊಲೆ ನಡೆದ ಮೇಲೆ ಕೊಲೆಗಾರ ಸಿಗಬೇಕು. ಟಿಕೆಟ್ಟಿನ ದುಡ್ಡಿಗೆ ಅದು ನ್ಯಾಯ.

ಹಾಗಾಗಿ ‘ಮೆಮೊರೀಸ್ ಆಫ್ ಮರ್ಡರ್’ ಎಂಬ ಕೊರಿಯನ್ ಚಿತ್ರ ನೋಡಿ ಮುಗಿಸಿದ ನಮ್ಮ ಕಡೆಯ ಪ್ರೇಕ್ಷಕರಿಗೆ ಮೊದಲು ಆಗುವುದು ಕಸಿವಿಸಿ. ಎರಡು ಗಂಟೆಗೂ ಮೀರಿ ಕೂತು ನೋಡಿದ್ದಾಯಿತು, ಪೊಲೀಸರ ಜೊತೆ ಮಳೆಯಲ್ಲಿ ನೆನೆದದ್ದಾಯಿತು, ಇವನೇ ಇರಬೇಕು ಎಂದು ಒಬ್ಬನನ್ನು ಮನಸ್ಸಿನಲ್ಲಿ ಗುರುತು ಮಾಡಿಟ್ಟುಕೊಂಡದ್ದೂ ಆಯಿತು. ಅಷ್ಟರಲ್ಲಿ ಚಿತ್ರ ಮುಗಿಯುತ್ತದೆ, ಹೆಸರು ಸಿಗುವುದಿಲ್ಲ. ‘ಕೊನೆಗೂ ಯಾರು ಅಂತ ಹೇಳಲೇ ಇಲ್ಲವಲ್ಲ’ ಎಂಬ ಮಾತು ಬರುವುದು ಸಹಜ. ಆ ಮಾತಿನಲ್ಲಿ ಸಿಟ್ಟಿದೆ, ಸಿಟ್ಟಿಗೆ ಕಾರಣವೂ ಇದೆ. ಈ ಉಪನ್ಯಾಸದ ವಿಷಯ ಆ ಸಿಟ್ಟು: ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬಲ್ಲದು, ಅದಕ್ಕೂ ಕೊಡಗಿನ ಕಾಫಿ ತೋಟಗಳ ನಡುವೆ ಬದುಕುವವರಿಗೂ ಏನು ಸಂಬಂಧ ಎಂಬುದು.

ಚಿತ್ರ ಬಂದದ್ದು 2003ರಲ್ಲಿ. ನಿರ್ದೇಶಕ ಬಾಂಗ್ ಜೂನ್-ಹೋ. ಮುಂದೆ ‘ಪ್ಯಾರಾಸೈಟ್’ ಚಿತ್ರಕ್ಕೆ ಆಸ್ಕರ್ ಗೆದ್ದು ಲೋಕಕ್ಕೆಲ್ಲ ಪರಿಚಿತರಾದವರು ಇವರೇ. ಕಿಮ್ ಕ್ವಾಂಗ್-ರಿಮ್ ಬರೆದ ನಾಟಕವೊಂದು ಚಿತ್ರಕ್ಕೆ ಆಧಾರ. ನಾಟಕಕ್ಕೆ ಆಧಾರವಾದದ್ದು ನಿಜವಾಗಿ ನಡೆದ ಕೊಲೆಗಳು. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರದ ದಕ್ಷಿಣಕ್ಕಿರುವ ಹ್ವಾಸೊಂಗ್ ಆಗ ಗದ್ದೆಗಳ ಸೀಮೆ. ಅಲ್ಲಿ 1986ರಿಂದ 1991ರ ನಡುವೆ ಹತ್ತು ಮಂದಿ ಹೆಂಗಸರ ಕೊಲೆಯಾಯಿತು. ಸತ್ತವರಲ್ಲಿ ಶಾಲೆಗೆ ಹೋಗುವ ಹುಡುಗಿಯರಿದ್ದರು, ಎಪ್ಪತ್ತು ದಾಟಿದ ಅಜ್ಜಿಯೂ ಇದ್ದರು. ತನಿಖೆಗೆ ಖರ್ಚಾದ ಪೊಲೀಸರ ಒಟ್ಟು ಕೆಲಸದ ದಿನಗಳನ್ನು ಕೂಡಿದರೆ 20 ಲಕ್ಷ ದಾಟುತ್ತದೆ. 21,000ಕ್ಕೂ ಹೆಚ್ಚು ಜನರನ್ನು ವಿಚಾರಿಸಲಾಯಿತು. ಆದರೂ ಕೊಲೆಗಾರ ಸಿಗಲಿಲ್ಲ. ಆಗ ಅಲ್ಲಿನ ಕಾನೂನಿನಲ್ಲಿ ಕೊಲೆ ಮೊಕದ್ದಮೆಗೆ 15 ವರ್ಷಗಳ ಕಾಲಮಿತಿಯಿತ್ತು. ಚಿತ್ರ ತೆರೆಗೆ ಬಂದಾಗ ಕೊನೆಯ ಕೊಲೆಯ ಗಡುವು ಮುಗಿಯಲು ಮೂರು ವರ್ಷ ಮಾತ್ರ ಉಳಿದಿತ್ತು. ಐದು ಕೋಟಿಗಿಂತ ಕಡಿಮೆ ಜನಸಂಖ್ಯೆಯ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಟಿಕೆಟ್ ಖರ್ಚಾಯಿತು. ಅಲ್ಲಿನ ಪ್ರೇಕ್ಷಕರು ಉತ್ತರ ಸಿಗುವುದಿಲ್ಲ ಎಂದು ಗೊತ್ತಿದ್ದೇ ಬಂದು ಕೂತವರು. ಕೊಲೆಗಾರ ತಮ್ಮ ಸಾಲಿನಲ್ಲಿಯೇ ಕೂತಿರಬಹುದು ಎಂಬ ಅಳುಕಿನಲ್ಲಿ ನೋಡಿದವರು.

ಚಿತ್ರದೊಳಗೆ ಇಬ್ಬರು ಪತ್ತೇದಾರರಿದ್ದಾರೆ. ಊರಿನವನ ಪಾತ್ರ ಮಾಡಿದವರು ಸಾಂಗ್ ಕಾಂಗ್-ಹೋ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಕಳ್ಳ ಯಾರೆಂದು ಹೇಳಬಲ್ಲೆ ಎಂಬ ಜಂಬ ಅವನದು. ಸೋಲ್‌ನಿಂದ ಬಂದ ಇನ್ನೊಬ್ಬನಿಗೆ ಕಾಗದಪತ್ರಗಳ ಮೇಲೆ ನಂಬಿಕೆ, ದಾಖಲೆ ಸುಳ್ಳು ಹೇಳುವುದಿಲ್ಲ ಎಂಬುದು ಅವನ ಮಂತ್ರ. ಗದ್ದೆಯ ಬದುವಿನಲ್ಲಿ ಸಿಕ್ಕ ಹೆಜ್ಜೆ ಗುರುತಿನ ಮೇಲೆ ಟ್ರ್ಯಾಕ್ಟರ್ ಹರಿದುಹೋಗುತ್ತದೆ. ಬುದ್ಧಿ ಬೆಳೆಯದ ಬಡ ಹುಡುಗನೊಬ್ಬನನ್ನು ಠಾಣೆಯ ನೆಲಮಾಳಿಗೆಗೆ ತಂದು ಒದೆಯುತ್ತಾರೆ. ಅವನ ಬೂಟಿನಿಂದ ಮಣ್ಣಿನಲ್ಲಿ ಹೊಸ ಹೆಜ್ಜೆ ಒತ್ತಿ, ಅದನ್ನೇ ಸಾಕ್ಷ್ಯವೆಂದು ತೋರಿಸುತ್ತಾರೆ. ಒದ್ದವರೇ ಆಮೇಲೆ ಅವನಿಗೆ ಊಟ ಹಾಕಿ, ಜೊತೆಗೆ ಕೂತು ಟಿವಿ ನೋಡುತ್ತಾರೆ. ನಮ್ಮ ದೇಶದ ಪ್ರೇಕ್ಷಕರು ಆ ದೃಶ್ಯ ನೋಡಿ ಬೆಚ್ಚುವುದಕ್ಕಿಂತ ಹೆಚ್ಚಾಗಿ ಅದನ್ನು ಗುರುತು ಹಿಡಿಯುತ್ತಾರೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಒಪ್ಪಬಾರದು ಎಂಬ ನಿಯಮ ಭಾರತದಲ್ಲಿ 1872ರ ಸಾಕ್ಷ್ಯ ಕಾಯ್ದೆಯ ಕಾಲದಿಂದ ಇದೆ. ಅಂಥದೊಂದು ನಿಯಮ ಬೇಕೆಂದು ಒಂದೂವರೆ ಶತಮಾನದ ಹಿಂದೆಯೇ ಅನಿಸಿತ್ತು ಎಂದರೆ, ನೆಲಮಾಳಿಗೆಯ ಕಥೆ ಎಷ್ಟು ಹಳೆಯದು ಎಂದು ಊಹಿಸಬಹುದು.

ಚಿತ್ರದಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಸುಳಿವುಗಳು ಎಲ್ಲಿಂದ ಬಂದವು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಠಾಣೆಯಲ್ಲಿ ಕಾಫಿ ತಂದುಕೊಡುವ ಕೆಲಸವೂ ಪಾಲಿಗೆ ಬಂದಿರುವ ಒಬ್ಬ ಮಹಿಳಾ ಪೇದೆ ಇದ್ದಾಳೆ. ಕೊಲೆ ನಡೆದ ಮಳೆಯ ರಾತ್ರಿಗಳಲ್ಲೆಲ್ಲ ರೇಡಿಯೋದಲ್ಲಿ ಒಂದೇ ಹಾಡು ಬಂದಿತ್ತು ಎಂದು ಪತ್ತೆ ಮಾಡುವವಳು ಅವಳು. ಕೊಲೆಗಾರನ ಕೈ ಮೆತ್ತಗಿತ್ತು ಎಂದು ಹೇಳುವವಳು ಅವನಿಂದ ಬದುಕಿ ಉಳಿದ ಹೆಂಗಸು. ಆಕೆ ಅದನ್ನು ಹೇಳುವುದು, ಯಾರೋ ಮೊದಲ ಸಲ ಸಮಾಧಾನದಿಂದ ಕೂತು ಕೇಳಿದಾಗ. ದರ್ಪದಿಂದ ಸಿಗದ ಮಾತು ಕಿವಿಗೊಟ್ಟಾಗ ಸಿಕ್ಕಿತು.

ಇನ್ನೊಂದು ದೃಶ್ಯವನ್ನು ತುಸು ಹತ್ತಿರದಿಂದ ನೋಡಬೇಕು. ಶಾಲೆಯೊಂದರಲ್ಲಿ ವಿಚಾರಣೆಗೆ ಹೋದಾಗ ಸೋಲ್‌ನ ಪತ್ತೇದಾರ ಒಬ್ಬ ಹುಡುಗಿಯ ಗಾಯಕ್ಕೆ ಬ್ಯಾಂಡ್-ಏಡ್ ಅಂಟಿಸುತ್ತಾನೆ. ಚಿಕ್ಕ ಕೆಲಸ, ಕಥೆಗೆ ಅಗತ್ಯವೇ ಇಲ್ಲವೇನೋ ಎನಿಸುವಂಥದ್ದು. ಚಿತ್ರದ ಕೊನೆಯ ಭಾಗದಲ್ಲಿ ಇನ್ನೊಂದು ಹೆಣ ಸಿಗುತ್ತದೆ. ಪತ್ತೇದಾರ ಬಾಗಿ ನೋಡಿದರೆ ಅದೇ ಬ್ಯಾಂಡ್-ಏಡ್. ದಾಖಲೆಯನ್ನಲ್ಲದೆ ಬೇರೇನನ್ನೂ ನಂಬದಿದ್ದ ಮನುಷ್ಯ ಆ ಕ್ಷಣದಿಂದ ಬೇರೆಯೇ ಆಗಿಬಿಡುತ್ತಾನೆ. ಪ್ರಯೋಗಾಲಯದ ವರದಿಗೂ ಕಾಯದೆ, ಶಂಕಿತನನ್ನು ರೈಲು ಸುರಂಗದ ಬಾಯಿಗೆ ಎಳೆದು ತಂದು ಗುಂಡು ಹಾರಿಸಲು ಹೊರಡುತ್ತಾನೆ. ಅಷ್ಟು ಹೊತ್ತು ಅವನಿಗೆ ಹೆಣಗಳೆಂದರೆ ಫೈಲಿನ ಸಂಖ್ಯೆ. ಈಗ ಸತ್ತವಳು ಗೊತ್ತಿರುವ ಹುಡುಗಿ. ಪ್ರೇಕ್ಷಕರಿಗೂ ಹಾಗೆಯೇ: ಅದುವರೆಗಿನ ಯಾವ ಹೆಣವೂ ಕಲಕದಷ್ಟು ಈ ಹೆಣ ಕಲಕುತ್ತದೆ, ಏಕೆಂದರೆ ಅವಳ ನಗು ನೋಡಿಯಾಗಿದೆ. ಈ ಚಿತ್ರದ ನಿಜವಾದ ಎದೆ ಇರುವುದು ಈ ದೃಶ್ಯದಲ್ಲಿ. ಎಲ್ಲರೂ ಹೊಗಳುವ ಕೊನೆಯ ನೋಟಕ್ಕಿಂತ ಇದರ ತೂಕ ಹೆಚ್ಚು.

ಆ ಕೊನೆಯ ನೋಟದ ಕಥೆ ಗೊತ್ತಿರುವಂಥದ್ದೇ. ವರ್ಷಗಳ ನಂತರ ಊರಿನ ಪತ್ತೇದಾರ ಪೊಲೀಸ್ ಕೆಲಸ ಬಿಟ್ಟು ವ್ಯಾಪಾರಕ್ಕಿಳಿದಿದ್ದಾನೆ. ಮೊದಲ ಹೆಣ ಸಿಕ್ಕಿದ್ದ ಗದ್ದೆಯ ಮೋರಿಯನ್ನು ಬಗ್ಗಿ ನೋಡುತ್ತಾನೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಪುಟ್ಟ ಹುಡುಗಿ, ಕೆಲವು ದಿನಗಳ ಹಿಂದೆ ಇನ್ನೊಬ್ಬನೂ ಹೀಗೆಯೇ ಬಗ್ಗಿ ನೋಡಿದ ಎನ್ನುತ್ತಾಳೆ. ಹೇಗಿದ್ದ ಎಂದು ಕೇಳಿದರೆ, ಎಲ್ಲರ ಹಾಗೆಯೇ ಇದ್ದ ಎಂದುಬಿಡುತ್ತಾಳೆ. ಅವನು ತಲೆಯೆತ್ತಿ ನೇರ ಕ್ಯಾಮೆರಾದತ್ತ ನೋಡುತ್ತಾನೆ. ಕೊಲೆಗಾರ ಥಿಯೇಟರಿಗೆ ಬಂದರೆ ಅವನ ಕಣ್ಣಿಗೆ ಕಣ್ಣು ತಾಗಲಿ ಎಂದು ಹಾಗೆ ತೆಗೆದದ್ದು ಎಂದು ಬಾಂಗ್ ಹೇಳಿಕೊಂಡಿದ್ದಾರೆ.

ಕೊಲೆಗಾರ ಚಿತ್ರ ನೋಡಿದ್ದು ನಿಜ, ನೋಡಿದ್ದು ಜೈಲಿನಲ್ಲಿ. ಕೊಲೆಯಾದವರ ಬಟ್ಟೆಬರೆಯನ್ನು ಪೊಲೀಸರು ಕಾಪಾಡಿಟ್ಟಿದ್ದರು. 2019ರಲ್ಲಿ ಅವುಗಳ ಡಿಎನ್‌ಎ ಪರೀಕ್ಷೆ ಮತ್ತೆ ನಡೆದಾಗ ಲೀ ಚುನ್-ಜೇ ಎಂಬುವನ ಹೆಸರು ಹೊರಬಿತ್ತು. ನಾದಿನಿಯ ಕೊಲೆಗಾಗಿ 1990ರ ದಶಕದಿಂದಲೇ ಬೂಸಾನ್ ಜೈಲಿನಲ್ಲಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದವನು. ಅವನು 14 ಕೊಲೆಗಳನ್ನು ಒಪ್ಪಿಕೊಂಡ. ಹಿಂದೆ ಪೊಲೀಸರು ಅವನನ್ನು ವಿಚಾರಿಸಿ ಬಿಟ್ಟಿದ್ದರು. ಕೊಲೆಗಾರನ ರಕ್ತದ ಗುಂಪು ಬಿ ಎಂದು ತೀರ್ಮಾನಿಸಿದ್ದರು, ಇವನದು ಒ. ಕಾಲಮಿತಿ 2006ರಲ್ಲೇ ಮುಗಿದಿದ್ದರಿಂದ ಆ ಕೊಲೆಗಳಿಗೆ ಅವನನ್ನು ಶಿಕ್ಷಿಸುವ ದಾರಿಯೇ ಉಳಿದಿರಲಿಲ್ಲ. 2020ರ ನವೆಂಬರಿನಲ್ಲಿ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವಾಗ, ಚಿತ್ರ ನೋಡಿದೆ, ಸಿನಿಮಾ ಎಂದಷ್ಟೇ ನೋಡಿದೆ, ವಿಶೇಷವಾಗಿ ಏನೂ ಅನಿಸಲಿಲ್ಲ ಎಂದ. 50 ಲಕ್ಷ ಜನರನ್ನು ನಡುಗಿಸಿದ ನೋಟ ಯಾರಿಗಾಗಿ ಇಟ್ಟದ್ದೋ ಅವನನ್ನು ಮಾತ್ರ ಮುಟ್ಟಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಪ್ರೇಕ್ಷಕರ ಸಿಟ್ಟಿಗೆ ಹದಿನಾರು ವರ್ಷ ತಡವಾಗಿಯಾದರೂ ಉತ್ತರ ಸಿಕ್ಕಿತು ಎನ್ನಬಹುದಿತ್ತು. ಆದರೆ ಅವನು ಸಾಕ್ಷಿ ಹೇಳಲು ಬಂದಿದ್ದ ಮೊಕದ್ದಮೆಯೇ ಬೇರೆ.

ಹ್ವಾಸೊಂಗ್‌ನ ಎಂಟನೆಯ ಕೊಲೆ ನಡೆದದ್ದು 1988ರಲ್ಲಿ, ಮನೆಯೊಳಗೆ ಮಲಗಿದ್ದ ಹದಿಮೂರು ವರ್ಷದ ಹುಡುಗಿಯದು. ಅದು ಮಾತ್ರ ಬಗೆಹರಿದ ಕೇಸು ಎನಿಸಿಕೊಂಡಿತ್ತು. ಪೋಲಿಯೊದಿಂದ ಒಂದು ಕಾಲು ಸೊಟ್ಟಗಾಗಿದ್ದ, ಇಪ್ಪತ್ತೆರಡರ ಹರೆಯದ ಬಡ ಕೆಲಸಗಾರನೊಬ್ಬನನ್ನು 1989ರಲ್ಲಿ ಹಿಡಿದರು. ನಿದ್ದೆ ಮಾಡಲು ಬಿಡದೆ ತಪ್ಪೊಪ್ಪಿಗೆ ಬರೆಸಿಕೊಂಡರು. ಕೂದಲಿನ ಪರೀಕ್ಷೆಯ ವರದಿಯೊಂದು ಅದಕ್ಕೆ ಬೆಂಬಲವಾಗಿ ನಿಂತಿತು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಸುಮಾರು ಇಪ್ಪತ್ತು ವರ್ಷ ಜೈಲಿನಲ್ಲಿ ಕಳೆದು 2009ರಲ್ಲಿ ಪೆರೋಲ್ ಮೇಲೆ ಹೊರಬಂದ. ಆ ಕೊಲೆಯನ್ನೂ ಮಾಡಿದ್ದು ತಾನೇ ಎಂದು ಲೀ ಒಪ್ಪಿಕೊಂಡ ಮೇಲೆ ಮರುವಿಚಾರಣೆ ನಡೆದು, 2020ರ ಡಿಸೆಂಬರ್ 17ರಂದು ಸುವೊನ್‌ನ ನ್ಯಾಯಾಲಯ ಆ ಮನುಷ್ಯ ನಿರಪರಾಧಿ ಎಂದಿತು.

ಲೆಕ್ಕ ಹಾಕಿದರೆ ಎದೆ ಭಾರವಾಗುತ್ತದೆ. ಚಿತ್ರಮಂದಿರಗಳು ತುಂಬಿದ್ದ 2003ರಲ್ಲಿ, ‘ಕೊಂದವನು ಯಾರು’ ಎಂದು ದೇಶಕ್ಕೆ ದೇಶವೇ ಕೇಳುತ್ತಿದ್ದಾಗ, ಕೊಲ್ಲದವನೊಬ್ಬ ಅದೇ ಕೇಸಿನಲ್ಲಿ ಹದಿನಾಲ್ಕನೆಯ ವರ್ಷ ಜೈಲಿನಲ್ಲಿ ಕಳೆಯುತ್ತಿದ್ದ. ಸುಳ್ಳು ತಪ್ಪೊಪ್ಪಿಗೆ ಹೇಗೆ ತಯಾರಾಗುತ್ತದೆ ಎಂದು ಚಿತ್ರವೇ ತೋರಿಸಿತ್ತು. ಹಾಗೆ ತಯಾರಾದ ಕೈದಿ ನಿಜವಾಗಿ ಇದ್ದಾನೆ ಎಂದು ಚಿತ್ರಕ್ಕೂ ಗೊತ್ತಿರಲಿಲ್ಲ. ಹೆಸರು ಬೇಕು, ಬೇಗ ಬೇಕು ಎಂಬ ಜನರ ಒತ್ತಾಯ ಠಾಣೆಯ ಮೇಜಿಗೆ ಬಂದಾಗ ಅದು ಯಾರ ಮೇಲೆ ಬೀಳುತ್ತದೆ? ಬೇಲು ಕೊಡುವವರಿಲ್ಲದವನ ಮೇಲೆ, ವಕೀಲರಿಗೆ ಕೊಡಲು ಕಾಸಿಲ್ಲದವನ ಮೇಲೆ. ಪ್ರೇಕ್ಷಕನ ಅವಸರಕ್ಕೂ ಪೊಲೀಸನ ಅವಸರಕ್ಕೂ ಮೂಲ ಒಂದೇ.

ಇದನ್ನು ದೂರದ ದೇಶದ ಮಾತು ಎಂದು ಪಕ್ಕಕ್ಕಿಡುವ ಹಾಗಿಲ್ಲ. ಕೊಡಗಿನಲ್ಲಿ ನಡೆದದ್ದನ್ನು ಇಲ್ಲಿ ಕೂತವರೆಲ್ಲ ಪತ್ರಿಕೆಯಲ್ಲಿ ಓದಿದ್ದಾರೆ. ಕುಶಾಲನಗರ ಕಡೆಯ ಆದಿವಾಸಿ ಕೂಲಿ ಕಾರ್ಮಿಕನೊಬ್ಬನ ಹೆಂಡತಿ 2020ರ ಕೊನೆಯಲ್ಲಿ ಕಾಣೆಯಾದಳು. ಹೆಂಡತಿ ಕಾಣುತ್ತಿಲ್ಲ ಎಂದು ಅವನೇ ದೂರು ಕೊಟ್ಟ. ಪಕ್ಕದ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತ್ತು. ಅದು ಆಕೆಯದೇ ಎಂದು ಪೊಲೀಸರು ತೀರ್ಮಾನಿಸಿದರು. ದೂರು ಕೊಟ್ಟವನೇ ಆರೋಪಿಯಾದ. ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು, ವರ್ಷಕ್ಕೂ ಹೆಚ್ಚು ಕಾಲ ಅವನು ಜೈಲಿನಲ್ಲಿದ್ದ. ಡಿಎನ್‌ಎ ವರದಿ ಬಂದಾಗ ಎಲುಬುಗಳು ಆಕೆಯವಲ್ಲ ಎಂದು ತಿಳಿಯಿತು, ಆದರೂ ಮೊಕದ್ದಮೆ ನಡೆದೇ ಇತ್ತು. 2025ರ ಏಪ್ರಿಲ್ ಮೊದಲ ದಿನ ಮಡಿಕೇರಿಯ ಹೋಟೆಲೊಂದರಲ್ಲಿ ಆಕೆ ಪರಿಚಯದವರ ಕಣ್ಣಿಗೆ ಬಿದ್ದಳು, ಜೀವಂತವಾಗಿ. ಮೈಸೂರಿನ ನ್ಯಾಯಾಲಯ ಅದೇ ತಿಂಗಳಲ್ಲಿ ಅವನನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು. ತನಿಖೆ ನಡೆಸಿದ ರೀತಿಯನ್ನು ಕಟುವಾಗಿ ಟೀಕಿಸಿತು.

ಸುದ್ದಿ ಹಬ್ಬಿದಾಗ ಜನ ಆಡಿಕೊಂಡದ್ದು ಹೆಚ್ಚಾಗಿ ಆ ಹೆಂಗಸಿನ ಬಗ್ಗೆ: ಯಾಕೆ ಹೋದಳು, ಯಾರ ಜೊತೆ ಹೋದಳು, ಗಂಡ ಜೈಲಿನಲ್ಲಿದ್ದದ್ದು ಗೊತ್ತಿರಲಿಲ್ಲವೇ. ಜೈಲಿನಲ್ಲಿ ಕಳೆದವನ ದಿನಗಳ ಬಗ್ಗೆಯೂ ಮಾತು ನಡೆಯಿತು, ಅದು ಸರಿಯೇ. ಆದರೆ ಈ ಕಥೆಯಲ್ಲಿ ಮೂರನೆಯ ಒಂದು ಜೀವ ಇದೆ. ಬೆಟ್ಟದಪುರದಲ್ಲಿ ಸಿಕ್ಕ ಎಲುಬು ಯಾರೋ ಒಬ್ಬರದು. ತಪ್ಪು ಹೆಸರು ಅಂಟಿದ್ದರಿಂದ ಆ ಮನುಷ್ಯಜೀವಿಯ ಸ್ವಂತ ಹೆಸರು ಹುಡುಕುವ ಕೆಲಸವೇ ವರ್ಷಗಟ್ಟಲೆ ನಿಂತುಹೋಯಿತು. ಅದು ಕೊಲೆಯೇ ಆಗಿದ್ದರೆ ಕೊಂದವರು ಅಷ್ಟೂ ಕಾಲ ನೆಮ್ಮದಿಯಾಗಿ ಓಡಾಡಿಕೊಂಡಿದ್ದರು. ತಪ್ಪು ಮನುಷ್ಯನನ್ನು ಹಿಡಿದರೆ ಇಬ್ಬರಿಗೆ ಅನ್ಯಾಯವಾಗುತ್ತದೆ. ಒಳಗೆ ಹೋದವನದು ಎಂದಾದರೂ ಒಂದು ದಿನ ಕಣ್ಣಿಗೆ ಬೀಳುತ್ತದೆ, ಸತ್ತವರದು ಬೀಳುವುದೇ ಇಲ್ಲ.

‘ಕೊಂದವರು ಯಾರು’ ಎಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದದ್ದು ‘ಸತ್ತವರು ಯಾರು’ ಎಂದು. ಇದು ಭಾವುಕತೆಯ ಮಾತಲ್ಲ, ತನಿಖೆಯ ಮೊದಲ ಮೆಟ್ಟಿಲು. 2024ರ ಅಕ್ಟೋಬರಿನಲ್ಲಿ ಸುಂಟಿಕೊಪ್ಪ ಬಳಿಯ ಕಾಫಿ ತೋಟದಲ್ಲಿ ಸುಟ್ಟ ಸ್ಥಿತಿಯಲ್ಲಿ ಒಂದು ಶವ ಸಿಕ್ಕಿತು. ಅಲ್ಲಿಗೂ ನೆಲ್ಯಹುದಿಕೇರಿಗೂ ಹೆಚ್ಚು ದೂರವಿಲ್ಲ. ಮುಖ ನೋಡಿ ಗುರುತು ಹಿಡಿಯುವ ಹಾಗಿರಲಿಲ್ಲ. ಕೊಡಗಿನ ಪೊಲೀಸರು ಅವಸರದಿಂದ ಯಾವ ಹೆಸರನ್ನೂ ಅಂಟಿಸಲಿಲ್ಲ. ದಾರಿಯುದ್ದದ ನೂರಾರು ಸಿಸಿಟಿವಿ ದೃಶ್ಯಗಳನ್ನು ಸೋಸಿ, ಹೊರರಾಜ್ಯದ ಒಂದು ದುಬಾರಿ ಕಾರಿನ ಜಾಡು ಹಿಡಿದು ಹೈದರಾಬಾದಿಗೆ ಹೋದರು. ಸತ್ತವರು ಅಲ್ಲಿನ ಒಬ್ಬ ಉದ್ಯಮಿ ಎಂದು ಗೊತ್ತಾದ ಮೇಲೆಯೇ ಬಂಧನಗಳಾದವು. ಆರೋಪ ಸಾಬೀತಾಗುತ್ತದೆಯೋ ಇಲ್ಲವೋ ಅದು ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಮೊದಲ ಪ್ರಶ್ನೆಯನ್ನು ಮೊದಲು ಕೇಳಿದ್ದು ಇಲ್ಲಿ ಎದ್ದು ಕಾಣುತ್ತದೆ. ಸುತ್ತಮುತ್ತಲ ತೋಟದ ಲೈನ್ ಮನೆಗಳಿಂದ ಒಬ್ಬನನ್ನು ಎಳೆದು ತಂದು ಕೇಸು ಮುಗಿಸಬೇಕೆಂದಿದ್ದರೆ, ಕೂಲಿಗಾಗಿ ದೂರದ ಊರುಗಳಿಂದ ಬಂದವರು ಇಲ್ಲಿ ಕಡಿಮೆ ಇರಲಿಲ್ಲ.

ನೆಲ್ಯಹುದಿಕೇರಿಯ ಜನ ಕನ್ನಡ ಚಿತ್ರ ನೋಡಿದಷ್ಟೇ ಸಲೀಸಾಗಿ ಮಲಯಾಳಂ ಚಿತ್ರವನ್ನೂ ನೋಡುವವರು. ಹಾಗಾಗಿ ಸುಕುಮಾರ ಕುರುಪ್ ಹೆಸರು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. 1984ರ ಜನವರಿಯಲ್ಲಿ ಕೇರಳದ ಮಾವೇಲಿಕ್ಕರ ಬಳಿ ಕಾರೊಂದು ಹೊತ್ತಿ ಉರಿಯಿತು, ಒಳಗೆ ಹೆಣವಿತ್ತು. ವಿಮೆಯ ಹಣಕ್ಕಾಗಿ ಕುರುಪ್ ತಾನೇ ಸತ್ತೆ ಎಂದು ತೋರಿಸಲು ದಾರಿಹೋಕನನ್ನು ಕೊಂದು ಸುಟ್ಟಿದ್ದ. ಸತ್ತದ್ದು ಕುರುಪ್ ಹೌದೇ ಎಂದು ಪೊಲೀಸರಿಗೆ ಬೇಗನೆ ಅನುಮಾನ ಬಂದದ್ದರಿಂದ ಆ ದಾರಿಹೋಕನಿಗೆ ಅವನ ಹೆಸರು ಮರಳಿ ಸಿಕ್ಕಿತು. ಕುರುಪ್ ಮಾತ್ರ ಇವತ್ತಿಗೂ ಸಿಕ್ಕಿಲ್ಲ. 2021ರಲ್ಲಿ ದುಲ್ಕರ್ ಸಲ್ಮಾನ್ ನಟಿಸಿದ ‘ಕುರುಪ್’ ಬಂದಾಗ, ಕೊಲೆಗಾರನನ್ನು ನಾಯಕನಂತೆ ತೋರಿಸುತ್ತಾರೇನೋ ಎಂದು ಮೃತನ ಮನೆಯವರು ಬಿಡುಗಡೆಗೆ ಮೊದಲೇ ಆಕ್ಷೇಪವೆತ್ತಿದರು. ಚಿತ್ರತಂಡ ಅವರಿಗೆ ಚಿತ್ರ ತೋರಿಸಿ ಸಮಾಧಾನ ಹೇಳಬೇಕಾಯಿತು. ಥಿಯೇಟರಿನಲ್ಲಿ ಶಿಳ್ಳೆ ಬಿದ್ದದ್ದು ದುಲ್ಕರ್‌ಗೆ. ಆ ಮನೆಯಲ್ಲಿ ತಂದೆಯನ್ನು ಕಳೆದುಕೊಂಡವನು ಆ ಶಿಳ್ಳೆಯನ್ನು ಹೇಗೆ ಕೇಳಿಸಿಕೊಂಡಾನು? ಪ್ರೇಕ್ಷಕರ ಪ್ರತಿಕ್ರಿಯೆ ಎಂದಾಗ ಈ ಪ್ರೇಕ್ಷಕರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಊರುಗಳಿಗೂ ಇದೇ ಪಾಡು. ಹೊಸಕೋಟೆ ಕಡೆಯ ಒಂದು ಹಳ್ಳಿಯ ಹೆಸರು ಮೊದಲು ಒಂದು ಗ್ಯಾಂಗಿಗೆ, 2012ರ ನಂತರ ಸಿನಿಮಾಕ್ಕೆ ಅಂಟಿಕೊಂಡಿತು. ದಂಡುಪಾಳ್ಯ ಎಂದರೆ ಒಂದು ಊರು ಎಂದು ಈಗ ಎಷ್ಟು ಜನಕ್ಕೆ ನೆನಪಾಗುತ್ತದೆ? ಹ್ವಾಸೊಂಗ್‌ನವರಿಗೂ ಮೂವತ್ತು ವರ್ಷ ಅದೇ ಸಂಕಟವಿತ್ತು. ಕೊಲೆಗಾರ ಗೊತ್ತಾದ ಮೇಲೆ, 2019ರ ಕೊನೆಯಲ್ಲಿ ಪೊಲೀಸರು ಕೇಸಿನ ಹೆಸರಿನಿಂದ ಊರನ್ನು ತೆಗೆದು ಕೊಲೆಗಾರನ ಹೆಸರನ್ನೇ ಇಟ್ಟರು.

ಮತ್ತೆ ಪ್ರೇಕ್ಷಕರ ಸಿಟ್ಟಿನ ಮಾತಿಗೆ ಬಂದರೆ, ಕನ್ನಡದಲ್ಲಿ ಬಗೆಹರಿಯದ ಕಥೆಗೆ ದಾರಿ ಮಾಡಿದ್ದು ಸಿನಿಮಾಕ್ಕಿಂತ ಮೊದಲು ಕಾದಂಬರಿ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಏಲಕ್ಕಿ ಸಂಶೋಧನೆಯಲ್ಲಿದ್ದ ವಿಜ್ಞಾನಿ ಜೋಗಿಹಾಳ್ ಸತ್ತದ್ದು ಹೇಗೆ ಎಂದು ತಿಳಿಯಲು ಗುಪ್ತಚರ ಇಲಾಖೆಯ ಅಂಗಡಿ ಕೆಸರೂರಿಗೆ ಬರುತ್ತಾನೆ. ಅವನು ಬಗೆದಷ್ಟೂ ಕೊಲೆಗಾರನಿಗಿಂತ ಹೆಚ್ಚಾಗಿ ಊರೇ ಬಯಲಾಗುತ್ತ ಹೋಗುತ್ತದೆ: ಏಲಕ್ಕಿ ಬೆಳೆಯ ಕುಸಿತ, ಮರಗಳ್ಳತನ, ಜಾತಿ, ಹುಡುಗರ ನಿರುದ್ಯೋಗ. ಪತ್ತೇದಾರಿ ಓದಿನ ಚಟಕ್ಕೆ ಓದಿಸಿಕೊಂಡು ಹೋಗಿ, ಪತ್ತೇದಾರಿಯ ಉತ್ತರ ಕೊಡದೆಯೇ ಕಾದಂಬರಿ ಬೇಸರವಿಲ್ಲದೆ ಮುಗಿಯುತ್ತದೆ. ಮಲೆನಾಡು, ಕೊಡಗಿನ ಬೆಳೆಗಾರರಿಗೆ ಕೆಸರೂರು ಅಪರಿಚಿತ ಊರಲ್ಲ. ಅದರ ಅರ್ಥಶಾಸ್ತ್ರ ಅವರ ಅಂಗಳದ್ದೇ.

ತೆರೆಯ ಮೇಲೆ ಅಂಥ ಧೈರ್ಯ ತೋರಿಸಿದ್ದು ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’, 2014ರಲ್ಲಿ. ಮಲ್ಪೆಯಲ್ಲಿ ನಡೆದ ಸಾವುಗಳ ಕಥೆಯನ್ನು ಪತ್ರಕರ್ತೆಯೊಬ್ಬಳು ಒಬ್ಬೊಬ್ಬರಿಂದ ಕೇಳಿ ಜೋಡಿಸುತ್ತಾಳೆ, ಒಬ್ಬರು ಹೇಳಿದ್ದು ಇನ್ನೊಬ್ಬರದಕ್ಕೆ ಪೂರ್ತಿ ಹೊಂದುವುದಿಲ್ಲ. ಬಿಡುಗಡೆಯಾದಾಗ ಅರ್ಥವಾಗಲಿಲ್ಲ ಎಂದು ಎದ್ದುಹೋದವರು ಬಹಳ. ವರ್ಷಗಳು ಕಳೆದಂತೆ ಅದೇ ಚಿತ್ರವನ್ನು ಮತ್ತೆ ಮತ್ತೆ ನೋಡುವ, ಸಾಲು ಸಾಲು ಸಂಭಾಷಣೆ ಒಪ್ಪಿಸುವ ಒಂದು ದೊಡ್ಡ ಬಳಗವೇ ಬೆಳೆಯಿತು. ಪ್ರೇಕ್ಷಕರು ಬದಲಾಗುತ್ತಾರೆ ಎಂಬುದಕ್ಕೆ ಕನ್ನಡದಲ್ಲೇ ಇಷ್ಟು ಒಳ್ಳೆಯ ಉದಾಹರಣೆ ಇರುವಾಗ, ನಮ್ಮ ಜನಕ್ಕೆ ಇಂಥದ್ದೆಲ್ಲ ಹಿಡಿಸುವುದಿಲ್ಲ ಎಂದು ನಿರ್ಮಾಪಕರು ಹೇಳುವುದು ಅನ್ಯಾಯ.

ಅದೇ 2014ರಲ್ಲಿ ಇನ್ನೊಂದು ಬಗೆಯ ಚಿತ್ರವೂ ಬಂತು. ಜೀತು ಜೋಸೆಫ್ ಅವರ ಮಲಯಾಳಂ ‘ದೃಶ್ಯಂ’ ಅನ್ನು ಪಿ. ವಾಸು ಕನ್ನಡಕ್ಕೆ ‘ದೃಶ್ಯ’ ಎಂದು ತಂದರು. ರವಿಚಂದ್ರನ್ ಪಾತ್ರದ ಹೆಸರು ರಾಜೇಂದ್ರ ಪೊನ್ನಪ್ಪ, ಕೇಳಿದ ಕೂಡಲೇ ಕೊಡಗಿನದು ಎನ್ನಿಸುವ ಹೆಸರು. ಇಲ್ಲಿ ಪ್ರೇಕ್ಷಕರಿಗೆ ಎಲ್ಲವೂ ಗೊತ್ತು, ಪೊಲೀಸರಿಗೆ ಏನೂ ಗೊತ್ತಾಗುವುದಿಲ್ಲ. ಕೇಸು ಬಗೆಹರಿಯದಿರಲಿ ಎಂದು ಥಿಯೇಟರಿಗೆ ಥಿಯೇಟರೇ ಹಾರೈಸಿತು. ಠಾಣೆಯಲ್ಲಿ ಮಕ್ಕಳ ಮೇಲೂ ಕೈಮಾಡುವ ಪೊಲೀಸರನ್ನು ಕಂಡ ಪ್ರೇಕ್ಷಕರು ಪೊನ್ನಪ್ಪನ ಪಕ್ಷ ವಹಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಈ ಕಥೆಯನ್ನು ಕೊರಿಯನ್ ಭಾಷೆಯಲ್ಲಿ ತೆಗೆಯುವ ಒಪ್ಪಂದ 2023ರ ಕಾನ್ ಚಿತ್ರೋತ್ಸವದ ಹೊತ್ತಿಗೆ ಪ್ರಕಟವಾಯಿತು. ಆ ಕಡೆಯ ಪಾಲುದಾರ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು ಸಾಂಗ್ ಕಾಂಗ್-ಹೋ, ಗದ್ದೆಯ ಮೋರಿಯಲ್ಲಿ ಬಗ್ಗಿ ನೋಡಿದ ಅದೇ ಪತ್ತೇದಾರ.

ಹೇಮಂತ್ ಎಂ. ರಾವ್ ನಿರ್ದೇಶನದ ‘ಕವಲುದಾರಿ’ 2019ರಲ್ಲಿ ತೆರೆಕಂಡಿತು. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ಮೊದಲ ಚಿತ್ರ ಅದು. ಬೆಂಗಳೂರಿನಲ್ಲಿ ಮೆಟ್ರೋಗಾಗಿ ನೆಲ ಅಗೆದಾಗ ಎಲುಬುಗಳು ಸಿಗುತ್ತವೆ. ದಶಕಗಳ ಹಿಂದಿನ ಆ ಸಾವುಗಳು ಯಾರಿಗೂ ಬೇಡವಾಗಿವೆ. ಬೇಕೆನಿಸುವುದು ಒಬ್ಬ ಟ್ರಾಫಿಕ್ ಪೊಲೀಸನಿಗೆ ಮಾತ್ರ, ಅದು ಅವನ ಕೆಲಸವೂ ಅಲ್ಲ. ಅವನಿಗೆ ಜೊತೆಯಾಗುವ ನಿವೃತ್ತ ಅಧಿಕಾರಿ ಮುತ್ತಣ್ಣನ ಪಾತ್ರದಲ್ಲಿ ಅನಂತ್ ನಾಗ್ ಇದ್ದಾರೆ. ಈ ಚಿತ್ರದಲ್ಲಿ ಉತ್ತರ ಸಿಗುತ್ತದೆ, ಪ್ರೇಕ್ಷಕರೂ ತೃಪ್ತಿಯಿಂದ ಮನೆಗೆ ಹೋಗುತ್ತಾರೆ. ಆದರೂ ಇದನ್ನು ಇಲ್ಲಿ ನೆನೆಯಬೇಕಾದದ್ದು, ಕಥೆ ಶುರುವಾಗುವುದೇ ಈ ಎಲುಬು ಯಾರದು ಎಂಬ ಪ್ರಶ್ನೆಯಿಂದ ಎಂಬ ಕಾರಣಕ್ಕೆ. ಇದೇ ನಿರ್ದೇಶಕರ ಮೊದಲ ಚಿತ್ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’, ಅದರ ಹೆಸರನ್ನು ಎತ್ತಿಕೊಂಡದ್ದು ಕಾಣೆಯಾದವರ ಪ್ರಕಟಣೆಯ ಭಾಷೆಯಿಂದ.

ಆ ಪ್ರಕಟಣೆಗಳು ಕನ್ನಡ ಪತ್ರಿಕೆಗಳ ಒಳಪುಟದಲ್ಲಿ ಇವತ್ತಿಗೂ ಬರುತ್ತವೆ. ಅಪರಿಚಿತ ಶವ ಪತ್ತೆ, ಸುಮಾರು 45 ವರ್ಷ, ಎಣ್ಣೆಗೆಂಪು ಮೈಬಣ್ಣ, ಕೋಲುಮುಖ, ನೀಲಿ ಬಣ್ಣದ ಅಂಗಿ ಧರಿಸಿದ್ದು, ವಾರಸುದಾರರು ಠಾಣೆಯನ್ನು ಸಂಪರ್ಕಿಸುವುದು. ನಾಲ್ಕೈದು ಸಾಲು, ಕೆಲವೊಮ್ಮೆ ಮಸುಕಾದ ಒಂದು ಚಿತ್ರ. ಪತ್ತೇದಾರಿ ಚಿತ್ರಕ್ಕೆ ಎರಡೂವರೆ ಗಂಟೆ ಕೊಡುವವರು ಇದಕ್ಕೆ ಎರಡೂವರೆ ಸೆಕೆಂಡ್ ಕೊಡುವುದೂ ಅಪರೂಪ. ತೋಟದ ಕೆಲಸಕ್ಕೆ ಹೊರರಾಜ್ಯಗಳಿಂದ ಜನ ಬಂದು ಹೋಗುವ, ಕಾವೇರಿ ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಈ ಭಾಗದಲ್ಲಿ, ಹೆಸರಿಲ್ಲದ ಶವ ಎಂಬುದು ಸಿನಿಮಾದ ಸಂಗತಿಯಾಗಿ ಉಳಿದಿಲ್ಲ. 2019ರ ಆಗಸ್ಟಿನ ಪ್ರವಾಹದಲ್ಲಿ ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳೇ ಕೊಚ್ಚಿಹೋದವು. ಮನೆಯ ಜೊತೆಗೆ ಆಧಾರ್, ರೇಷನ್ ಕಾರ್ಡು ಕಳೆದುಕೊಂಡವರಿಗೆ, ತಾನು ಇಂಥವನು ಎಂದು ತೋರಿಸುವುದು ಬದುಕಿರುವಾಗಲೇ ಎಷ್ಟು ಕಷ್ಟ ಎಂಬುದು ಚೆನ್ನಾಗಿ ಗೊತ್ತು.

ಪ್ರೇಕ್ಷಕರ ಸಿಟ್ಟಿನಿಂದ ಏನಾದರೂ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಆಗುತ್ತದೆ. 1997ರಲ್ಲಿ ಸೋಲ್‌ನ ಇಟೇವೊನ್ ಪ್ರದೇಶದ ತಿಂಡಿ ಅಂಗಡಿಯೊಂದರ ಶೌಚಾಲಯದಲ್ಲಿ ಒಬ್ಬ ಕಾಲೇಜು ಹುಡುಗನ ಕೊಲೆಯಾಯಿತು. ಅಲ್ಲಿದ್ದ ಇಬ್ಬರೂ ಒಬ್ಬರ ಮೇಲೊಬ್ಬರು ಬೆರಳು ತೋರಿಸಿದರು. ಒಬ್ಬನಿಗೆ ಶಿಕ್ಷೆಯಾಗಿ ಆಮೇಲೆ ಖುಲಾಸೆಯಾಯಿತು, ಇನ್ನೊಬ್ಬ ಅಮೆರಿಕಕ್ಕೆ ಹೋಗಿಬಿಟ್ಟ. 2009ರಲ್ಲಿ ಆ ಘಟನೆಯ ಮೇಲೆ ಸಿನಿಮಾ ಬಂತು, ನೋಡಿದವರು ಸುಮ್ಮನಿರಲಿಲ್ಲ. ಸತ್ತ ಹುಡುಗನ ತಾಯಿ ಅಷ್ಟೂ ವರ್ಷ ಒಂಟಿಯಾಗಿ ಕೇಳುತ್ತಿದ್ದ ಪ್ರಶ್ನೆಯನ್ನು ಈಗ ಸಾವಿರಾರು ಜನ ಕೇಳತೊಡಗಿದರು. ಹೋದವನನ್ನು 2015ರಲ್ಲಿ ಅಮೆರಿಕದಿಂದ ಕರೆತಂದರು. 20 ವರ್ಷಗಳ ಶಿಕ್ಷೆಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಎತ್ತಿಹಿಡಿಯಿತು. ಕೊಲೆಗೆ ಇದ್ದ ಕಾಲಮಿತಿಯನ್ನು ಕೊರಿಯಾ 2015ರಲ್ಲಿ ತೆಗೆದೇಹಾಕಿತು. ಅದರ ಹಿಂದೆ ಮಗನನ್ನು ಕಳೆದುಕೊಂಡ ಇನ್ನೊಬ್ಬ ತಾಯಿಯ ಹೋರಾಟವಿತ್ತು. ಇಂಥ ಚಿತ್ರಗಳನ್ನು ನೋಡಿ ನೋಡಿ ಸಂಕಟಪಟ್ಟ ಜನರ ಒತ್ತಾಸೆಯೂ ಇತ್ತು.

ತಪ್ಪು ಮನುಷ್ಯನನ್ನು ಹಿಡಿಯುವ ಅವಸರದ ಬಗ್ಗೆ ಆಡಿದ ಮಾತಿಗೆ ಡಿಎನ್‌ಎ ಪರೀಕ್ಷೆಯ ಹುಟ್ಟಿನ ಕಥೆ ಹೊಂದುತ್ತದೆ. ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ 1984ರಲ್ಲಿ ಕಂಡುಹಿಡಿದ ಈ ವಿಧಾನವನ್ನು ಕೊಲೆ ಕೇಸಿನಲ್ಲಿ ಮೊದಲು ಬಳಸಿದಾಗ ಅದು ಮೊದಲು ಮಾಡಿದ ಕೆಲಸ, ಪೊಲೀಸರ ಮುಂದೆ ತಪ್ಪೊಪ್ಪಿಕೊಂಡಿದ್ದ ಹದಿನೇಳರ ಹುಡುಗನನ್ನು ನಿರಪರಾಧಿ ಎಂದು ಬಿಡಿಸಿದ್ದು. ನಿಜವಾದ ಕೊಲೆಗಾರ ಸಿಕ್ಕಿದ್ದು ಆಮೇಲೆ.

ಕರ್ನಾಟಕದ ಠಾಣೆಗಳಲ್ಲಿ, ಅಪರಾಧ ನಡೆದದ್ದು ನಿಜ ಆದರೆ ಮಾಡಿದವರು ಪತ್ತೆಯಾಗಿಲ್ಲ ಎನ್ನುವ ಕೇಸಿಗೆ ‘ಸಿ ರಿಪೋರ್ಟ್’ ಹಾಕುತ್ತಾರೆ. ಅದನ್ನು ಸೋಲು ಎಂದು ಭಾವಿಸಿ, ಹೇಗಾದರೂ ಒಬ್ಬನನ್ನು ತೋರಿಸಿ ದೋಷಾರೋಪ ಪಟ್ಟಿ ಸಲ್ಲಿಸುವುದಕ್ಕಿಂತ ಪ್ರಾಮಾಣಿಕವಾದ ಸಿ ರಿಪೋರ್ಟ್ ಸಾವಿರ ಪಾಲು ಮೇಲು. ಹೊಸ ಸುಳಿವು ಬಂದರೆ ಅಂಥ ಫೈಲನ್ನು ಮತ್ತೆ ತೆರೆಯಬಹುದು. ತಪ್ಪು ಹೆಸರಿನಲ್ಲಿ ಮುಚ್ಚಿದ ಫೈಲನ್ನು ತೆರೆಯಲು ಸತ್ತವಳೇ ಹೋಟೆಲಿಗೆ ಊಟಕ್ಕೆ ಬರಬೇಕಾಯಿತು. ಕೊರಿಯಾದಲ್ಲಿ ಲೀ ಚುನ್-ಜೇಯನ್ನು ಉಳಿಸಿದ ಕಾಲಮಿತಿ ಭಾರತದಲ್ಲಿ ಕೊಲೆಗೆ ಯಾವತ್ತೂ ಇರಲಿಲ್ಲ. ಬೆಟ್ಟದಪುರದಲ್ಲಿ ಸಿಕ್ಕ ಎಲುಬುಗಳ ಡಿಎನ್‌ಎ ವಿವರ ಪ್ರಯೋಗಾಲಯದ ವರದಿಯಲ್ಲಿದೆ. ಮೈಸೂರು, ಕೊಡಗು, ಹಾಸನ ಜಿಲ್ಲೆಗಳ ಠಾಣೆಗಳಲ್ಲಿ ಆ ಕಾಲದ ಕಾಣೆಯಾದವರ ದೂರುಗಳಿವೆ, ದೂರು ಕೊಟ್ಟ ಅಮ್ಮಂದಿರು, ಅಣ್ಣತಮ್ಮಂದಿರು ಇದ್ದಾರೆ. ಅವರ ಮಾದರಿಯೊಂದಿಗೆ ಇದನ್ನು ಹೋಲಿಸಿ ನೋಡಲು ಕಾನೂನಿನ ಯಾವ ಗಡುವೂ ಅಡ್ಡ ಬರುವುದಿಲ್ಲ.